ಕೊಂಡಿಯೂ ಕಿಟಕಿಯೂ: ಓದುಗನ ಮರುದಾರಿಯನ್ನು ಕುರಿತು

ಕೆಲವು ತಿಂಗಳ ಹಿಂದೆ ಕೋಗಳಿಯ ಶಾಸನಗಳನ್ನು ಕುರಿತು ಒಂದು ಲೇಖನವನ್ನು ಬರೆದು ಅಂತರಜಾಲದಲ್ಲಿ ಪ್ರಕಟಿಸಿದ್ದೆ. ಅದರಲ್ಲಿ ಇಪ್ಪತ್ತೇಳು ಕೊಂಡಿಗಳಿದ್ದವು. ಶಾಸನ ಸಂಪುಟದ ಪುಟಕ್ಕೆ ಒಂದು, ನಿಘಂಟಿನ ಪದಕ್ಕೆ ಒಂದು, ಊರಿನ ನಕ್ಷೆಗೆ ಒಂದು, ಹಳೆಯ ಗೆಜೆಟಿಯರಿಗೆ ಒಂದು, ಹೀಗೆ. ಪ್ರತಿಯೊಂದು ಕೊಂಡಿಯೂ ಹೊಸ ಕಿಟಕಿಯಲ್ಲಿಯೇ ತೆರೆದುಕೊಳ್ಳುವಂತೆ ನಾನೇ ಕೈಯಾರೆ ವಿಧಿಸಿದ್ದೆ. ಓದುಗರಿಗೆ ಉಪಕಾರ ಮಾಡುತ್ತಿದ್ದೇನೆಂಬ ನಂಬಿಕೆ ನನ್ನದು. ಆ ನಂಬಿಕೆ ಎಲ್ಲಿಂದ ಬಂದಿತು, ಹೇಗೆ ಮುರಿಯಿತು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ. ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ಆಧಾರಗಳನ್ನು ತೋರಿಸಿ ಬರೆಯುವವರಿಗೆ ಇದು ಶಿಸ್ತಿನ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು ಎಂದು ನನಗೆ ಈಗ ಮನವರಿಕೆಯಾಗಿದೆ.

ಅಷ್ಟೊಂದು ಕೊಂಡಿಗಳು ಏಕೆ ಬೇಕಾದವು ಎಂಬುದನ್ನು ಮೊದಲು ಹೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಇತಿಹಾಸವನ್ನು ಓದುವವನಿಗೆ ಮೊದಲು ಎದುರಾಗುವ ತೊಡಕು ವಿಳಾಸದ್ದು. 1939ರಲ್ಲಿ ಪ್ರಕಟವಾದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗವನ್ನು ಆರ್. ಶಾಮಾಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದರು. ಅದು ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ. ಬಳ್ಳಾರಿ ಅಂದು ಆ ಪ್ರಾಂತ್ಯದಲ್ಲಿತ್ತು. ಕೋಗಳಿ ಅಂದು ಹಡಗಲಿ ತಾಲ್ಲೂಕಿನ ಊರು. ಇಂದು ಕೋಗಳಿಯನ್ನು ಹುಡುಕುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ನೋಡಬೇಕು. ಅಂದು ಆ ಹೆಸರಿನ ತಾಲ್ಲೂಕೇ ಇರಲಿಲ್ಲ. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಉಜ್ಜಿನಿ ಈಗ ಕೊಟ್ಟೂರು ತಾಲ್ಲೂಕಿಗೆ ಸೇರಿದೆ. ಕಲ್ಲೇಶ್ವರ ದೇವಾಲಯದಿಂದಲೂ ಮೂವತ್ತಕ್ಕೂ ಹೆಚ್ಚು ಶಾಸನಗಳಿಂದಲೂ ಪ್ರಸಿದ್ಧವಾದ ಬಾಗಳಿ ಹರಪನಹಳ್ಳಿ ತಾಲ್ಲೂಕಿನಲ್ಲಿಯೇ ಉಳಿದಿದೆಯಾದರೂ ಹರಪನಹಳ್ಳಿಯೇ ಅಲೆದಾಡಿದೆ. 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕಲ್ಲು ಕದಲಲಿಲ್ಲ, ಅದರ ವಿಳಾಸ ಕದಲಿತು. ಹಳೆಯ ಗ್ರಂಥದ ವಿಳಾಸವನ್ನು ಇಂದಿನ ವಿದ್ಯಾರ್ಥಿಗೆ ತಿಳಿಯುವಂತೆ ಮಾಡಲು ಹೊರಟರೆ ಹೆಜ್ಜೆಗೊಂದು ಕೊಂಡಿ ಬೇಕೆನಿಸುವುದು ಸಹಜ.

ಇನ್ನು ಹೊಸ ಕಿಟಕಿಯ ಮೋಹ ಹುಟ್ಟಿದ ಬಗೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಜಾಲತಾಣದಲ್ಲಿ ಶಾಸನಪಾಠವೊಂದನ್ನು ಬೆರಳಚ್ಚಿಸಿ ತುಂಬುತ್ತಿದ್ದೆ. ಎರಡು ಗಂಟೆಯ ಕೆಲಸ ಮುಗಿಯುತ್ತ ಬಂದಿತ್ತು. ಅದೇ ಪುಟದ ಅಂಚಿನಲ್ಲಿ ಲಿಪ್ಯಂತರದ ನಿಯಮಗಳಿಗೆ ಒಂದು ಕೊಂಡಿ ಇತ್ತು. ದೀರ್ಘ ಸ್ವರವನ್ನು ಹೇಗೆ ಗುರುತಿಸಬೇಕೆಂದು ನೋಡಲು ಅದನ್ನು ಒತ್ತಿದೆ. ನಿಯಮಗಳು ಬಂದವು, ನನ್ನ ಪಾಠ ಹೋಯಿತು. ಹಿಂದಿರುಗಿದಾಗ ಖಾಲಿ ಚೌಕಟ್ಟು ನನ್ನನ್ನು ನೋಡುತ್ತಿತ್ತು. ಆ ರಾತ್ರಿಯೇ ನಿಶ್ಚಯಿಸಿದೆ: ನನ್ನ ಬರಹದ ಯಾವ ಕೊಂಡಿಯೂ ಓದುಗನ ಕೈಯಲ್ಲಿರುವುದನ್ನು ಕಸಿದುಕೊಂಡು ಹೋಗಬಾರದು, ಹೊಸದು ಹೊಸ ಕಿಟಕಿಯಲ್ಲಿ ತೆರೆಯಲಿ, ಹಳೆಯದು ಇದ್ದಲ್ಲಿಯೇ ಇರಲಿ.

ಇದಕ್ಕೆ ವಿದ್ವತ್ತಿನ ಸಮರ್ಥನೆಯೂ ಸುಲಭವಾಗಿ ಒದಗಿತು. ಶಾಸನವನ್ನೋ ಹಳಗನ್ನಡ ಕಾವ್ಯವನ್ನೋ ಓದುವವರು ಒಂದೇ ಪುಸ್ತಕವನ್ನು ಮುಂದಿಟ್ಟುಕೊಂಡು ಕೂಡುವುದಿಲ್ಲ. ವ್ಯಾಸಪೀಠದ ಮೇಲೆ ಮೂಲ, ಎಡಕ್ಕೆ 1894ರ ಕಿಟ್ಟೆಲ್ ನಿಘಂಟು, ಬಲಕ್ಕೆ ಇನ್ನೊಂದು ಪ್ರತಿ, ತೊಡೆಯ ಮೇಲೆ ಟಿಪ್ಪಣಿಯ ಹಾಳೆ. ಪಾಠಾಂತರವನ್ನು ನೋಡುವವನಿಗೆ ಎರಡೂ ಏಕಕಾಲಕ್ಕೆ ಕಣ್ಣೆದುರಿಗಿರಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಹೋಲಿಕೆ ಸಾಗದು. 1945ರಲ್ಲಿ ವ್ಯಾನೆವರ್ ಬುಷ್ ಎಂಬ ವಿಜ್ಞಾನಿ 'ಮೆಮೆಕ್ಸ್' ಎಂಬ ಓದುಮೇಜನ್ನು ಕಲ್ಪಿಸಿದಾಗ ಅದರ ಮೇಲೆ ಪಕ್ಕಪಕ್ಕದಲ್ಲಿ ಎರಡು ಬರಹಗಳನ್ನು ಮೂಡಿಸಿ ಅವುಗಳ ನಡುವೆ ಸಂಬಂಧ ಕಲ್ಪಿಸಬಹುದೆಂದು ಬರೆದಿದ್ದ. ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊತ್ತಮೊದಲ ಬ್ರೌಸರಿನಲ್ಲಿಯೂ ಕೊಂಡಿಯನ್ನು ಒತ್ತಿದರೆ ಹೊಸ ಕಿಟಕಿಯೇ ತೆರೆಯುತ್ತಿತ್ತು. ಅಂದರೆ ಹೊಸ ಕಿಟಕಿಯೆಂಬುದು ವ್ಯಾಪಾರಿಗಳ ಕುಯುಕ್ತಿಯಾಗಿ ಹುಟ್ಟಿದ್ದಲ್ಲ, ಸಂಶೋಧಕರ ಮೇಜಿನ ಅಭ್ಯಾಸವೇ ಯಂತ್ರಕ್ಕೆ ಇಳಿದುಬಂದದ್ದು.

ಆದರೆ ಅಂತರಜಾಲ ಜನಸಾಮಾನ್ಯರದಾದದ್ದು ಇನ್ನೊಂದು ಪದ್ಧತಿಯಿಂದ. 1993ರ ಮೊಸಾಯಿಕ್ ಬ್ರೌಸರು ಹೊಸ ಪುಟವನ್ನು ಅದೇ ಕಿಟಕಿಯಲ್ಲಿ ತೋರಿಸಿ 'ಹಿಂದಕ್ಕೆ' ಎಂಬ ಗುಂಡಿಯೊಂದನ್ನು ಓದುಗನ ಕೈಗೆ ಕೊಟ್ಟಿತು. ಮುಂದೆ 1996ರಲ್ಲಿ ನೆಟ್‌ಸ್ಕೇಪಿನ ಎರಡನೆಯ ಆವೃತ್ತಿ ಕೊಂಡಿ ಎಲ್ಲಿ ತೆರೆಯಬೇಕೆಂದು ಬರೆದವನೇ ವಿಧಿಸುವ 'ಟಾರ್ಗೆಟ್' ಎಂಬ ಗುಣವನ್ನು ತಂದಿತು. 1999ರಲ್ಲಿ ಬಳಕೆಯ ಅನುಕೂಲವನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಜಾಲತಾಣಗಳ ಹತ್ತು ಹೊಸ ತಪ್ಪುಗಳನ್ನು ಪಟ್ಟಿಮಾಡಿ, ಹಿಂದಕ್ಕೆ ಗುಂಡಿಯನ್ನು ಕೆಡಿಸುವುದನ್ನೂ ಹೊಸ ಕಿಟಕಿಯನ್ನು ತೆರೆಯುವುದನ್ನೂ ಅದರ ಮೊದಲಲ್ಲಿ ಇರಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4.01ರ ಕಟ್ಟುನಿಟ್ಟಿನ ರೂಪದಲ್ಲಿ ಟಾರ್ಗೆಟ್ ಗುಣಕ್ಕೆ ಸ್ಥಾನವಿರಲಿಲ್ಲ. 2014ರ ಎಚ್‌ಟಿಎಂಎಲ್ 5 ಅದನ್ನು ಮತ್ತೆ ಒಳಗೆ ಕರೆದುಕೊಂಡಿತು. ಹೀಗೆ ವಿಧಿಯೂ ನಿಷೇಧವೂ ಪುನರ್ವಿಧಿಯೂ ಆದ ಈ ಚರ್ಚೆಗೆ ಕಾಲು ಶತಮಾನದ ಇತಿಹಾಸವಿದೆ. ಅದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಮೊದಲು ಬಂದದ್ದು ಒಂದು ದೂರವಾಣಿ ಕರೆ.

ಕರೆ ಮಾಡಿದವಳು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಸಂಶೋಧನ ವಿದ್ಯಾರ್ಥಿನಿ. ಆಕೆಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಗಣಕದ ಕನ್ನಡವನ್ನು ಕಿವಿಯಿಂದ ಓದುತ್ತಾಳೆ. ಆಕೆ ಹೇಳಿದ ಮಾತನ್ನು ಹಾಗೆಯೇ ಇಲ್ಲಿ ಕೊಡುತ್ತೇನೆ.

"ಸರ್, ನಿಮ್ಮ ಕೋಗಳಿ ಲೇಖನ ಅರ್ಧಕ್ಕೇ ಬಿಟ್ಟೆ. ಬ್ಯಾಸರ ಆಗಿ ಅಲ್ರೀ, ದಾರಿ ತಪ್ಪಿ."

ದಾರಿ ಹೇಗೆ ತಪ್ಪಿತು ಎಂದು ಕೇಳಿದೆ. ಆಕೆ ಸಮಾಧಾನವಾಗಿ ವಿವರಿಸಿದಳು. ಶಾಸನದ ಕೊಂಡಿ ಬಂದಾಗ ಎಂಟರ್ ಒತ್ತಿದ್ದಾಳೆ. ಹೊಸ ಪುಟ ತೆರೆದಿದೆ. ಅದು ಹೊಸ ಕಿಟಕಿ ಎಂಬ ಸೂಚನೆ ನನ್ನ ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ತೆರೆದ ಪುಟದಲ್ಲಿದ್ದದ್ದು ಶಾಸನ ಸಂಪುಟದ ಛಾಯಾಪ್ರತಿ. ಅದು ಚಿತ್ರವಾದ್ದರಿಂದ ತಂತ್ರಾಂಶಕ್ಕೆ ಅಲ್ಲಿ ಓದಲು ಅಕ್ಷರವಿಲ್ಲ, ಅದು ಮೌನವಾಗಿದೆ. ಹಿಂದಿರುಗೋಣವೆಂದು ಆಲ್ಟ್ ಕೀಲಿಯೊಡನೆ ಎಡಬಾಣದ ಕೀಲಿಯನ್ನು ಒತ್ತಿದ್ದಾಳೆ. ಹೊಸ ಕಿಟಕಿಗೆ ಹಿಂದೆಂಬುದೇ ಇಲ್ಲವಾದ್ದರಿಂದ ಏನೂ ನಡೆದಿಲ್ಲ. ಮತ್ತೆ ಒತ್ತಿದ್ದಾಳೆ, ಮತ್ತೆ ಮೌನ. ಗಣಕ ಕೆಟ್ಟಿತೇನೋ ಎಂದುಕೊಂಡು ಲೇಖನವನ್ನು ಹೊಸದಾಗಿ ಹುಡುಕಿ ಮೊದಲಿನಿಂದ ಓದಿಸಿಕೊಂಡಿದ್ದಾಳೆ. ಸಂಜೆಯ ಹೊತ್ತಿಗೆ ಆಕೆಯ ಗಣಕದಲ್ಲಿ ಹನ್ನೊಂದು ಟ್ಯಾಬುಗಳು ತೆರೆದುಕೊಂಡಿದ್ದವು. ಅವುಗಳಲ್ಲಿ ಮೂರು ನನ್ನ ಲೇಖನವೇ.

"ಯಾರ ಮನೆಗಾದ್ರೂ ಕರ್ಕೊಂಡು ಹೋಗಿ ಬಿಟ್ಟು ಬಂದಂಗಾತು ಸರ್. ಹೋದ ಬಾಗಿಲು ಹಿಂದಿಲ್ಲ" ಎಂದಳು. ದೂರು ಕೊಡುವ ಧ್ವನಿಯಲ್ಲ ಅದು, ಸಂಗತಿಯನ್ನು ತಿಳಿಸುವ ಧ್ವನಿ. ನನಗೆ ಉತ್ತರ ತೋಚಲಿಲ್ಲ. ಎರಡು ಗಂಟೆಯ ಶ್ರಮವನ್ನು ಕಳೆದುಕೊಂಡ ನಾನು, ಅದೇ ನಷ್ಟವನ್ನು ಬೇರೊಂದು ರೂಪದಲ್ಲಿ ಆಕೆಗೆ ವಿಧಿಸಿದ್ದೆ.

ಆ ಮೇಲೆ ಕುಳಿತು ಯೋಚಿಸಿದಾಗ ಒಂದು ಸರಳ ಸಂಗತಿ ಸ್ಪಷ್ಟವಾಯಿತು. ಕೊಂಡಿಯನ್ನು ಸಾದಾ ರೂಪದಲ್ಲಿ ಬಿಟ್ಟರೆ ಓದುಗನಿಗೆ ಎರಡು ದಾರಿಗಳಿರುತ್ತವೆ. ಅದೇ ಕಿಟಕಿಯಲ್ಲಿ ಬೇಕೆಂದರೆ ಸುಮ್ಮನೆ ಒತ್ತುತ್ತಾನೆ. ಹೊಸದರಲ್ಲಿ ಬೇಕೆಂದರೆ ಕಂಟ್ರೋಲ್ ಕೀಲಿ ಹಿಡಿದು ಒತ್ತುತ್ತಾನೆ, ಮೊಬೈಲಿನಲ್ಲಾದರೆ ಬೆರಳನ್ನು ತುಸು ಹೊತ್ತು ಇರಿಸುತ್ತಾನೆ. ಬರೆದವನು ಹೊಸ ಕಿಟಕಿಯನ್ನು ವಿಧಿಸಿದರೋ ಮೊದಲನೆಯ ದಾರಿ ಮುಚ್ಚಿಹೋಗುತ್ತದೆ. ಅದನ್ನು ತೆರೆಯುವ ಸುಲಭ ಉಪಾಯ ಓದುಗನ ಕೈಯಲ್ಲಿಲ್ಲ. ಅಂದರೆ ಒಂದು ಪದ್ಧತಿಯಲ್ಲಿ ಎರಡೂ ಇವೆ, ಇನ್ನೊಂದರಲ್ಲಿ ಒಂದೇ ಇದೆ. ನನ್ನ ಮೇಜಿನ ಮೇಲೆ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಹರಡಿಕೊಳ್ಳುವವನು ನಾನು. ಅದು ನನ್ನ ಆಯ್ಕೆ. ಇನ್ನೊಬ್ಬರ ಮೇಜನ್ನು ಅವರ ಅನುಮತಿಯಿಲ್ಲದೆ ಹಾಗೆ ಹರಡಲು ನನಗೆ ಅಧಿಕಾರವಿಲ್ಲ. ಬುಷ್ ಕಲ್ಪಿಸಿದ ಮೇಜಿನಲ್ಲಿಯೂ ಎರಡು ಬರಹಗಳನ್ನು ಪಕ್ಕದಲ್ಲಿರಿಸುವವನು ಓದುಗನೇ ಹೊರತು ಆ ಬರಹಗಳ ಕರ್ತೃವಲ್ಲ.

ಇನ್ನೊಂದನ್ನು ಒಪ್ಪಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಕಳೆದುಹೋದ ಶಾಸನಪಾಠದ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆನಾದರೂ ನನ್ನ ವಿಧಿಯ ಹಿಂದೆ ಬೇರೊಂದು ಭಯವೂ ಇತ್ತು. ಓದುಗ ಹೊರಗೆ ಹೋದರೆ ಮರಳಿ ಬರುವನೋ ಇಲ್ಲವೋ ಎಂಬ ಭಯ ಅದು. ಹೊಸ ಕಿಟಕಿ ತೆರೆದರೆ ನನ್ನ ಪುಟ ಹಿಂದೆ ಕಾದು ನಿಂತಿರುತ್ತದೆ ಎಂಬ ಸಮಾಧಾನ. ಇದು ಗಿರಾಕಿಯ ಸೆರಗು ಹಿಡಿಯುವ ಅಂಗಡಿಯವನ ಬುದ್ಧಿ. ನಮ್ಮ ಹಳೆಯ ಕಥನಕಾರರಿಗೆ ಈ ಭಯವಿರಲಿಲ್ಲ. ದುರ್ಗಸಿಂಹನ ಪಂಚತಂತ್ರದಲ್ಲಾಗಲಿ ವಡ್ಡಾರಾಧನೆಯಲ್ಲಾಗಲಿ ಕಥೆಯೊಳಗೆ ಕಥೆ ತೆರೆದುಕೊಳ್ಳುತ್ತದೆ. ಓದುಗ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತಾನೆ, ಒಳಗಿನ ಕಥೆ ಮುಗಿದಾಗ ಹೊರಗಿನ ಕಥೆಯ ಅದೇ ಮೆಟ್ಟಿಲಿಗೆ ಬಂದು ನಿಲ್ಲುತ್ತಾನೆ. ಹೋಗುವ ದಾರಿಯೇ ಬರುವ ದಾರಿ. ಶಾಸನವನ್ನು ಓದುವಾಗಲೂ ಹಾಗೆಯೇ. ಕಲ್ಲಿನ ಒಂದು ಮುಖದ ಬರಹ ಪಕ್ಕದ ಮುಖಕ್ಕೆ ಸಾಗಿದರೆ ನಾವು ಅದೇ ಕಲ್ಲನ್ನು ಸುತ್ತುತ್ತೇವೆ. ಸುತ್ತಿ ಮತ್ತೆ ಮುಂದಿನ ಮುಖಕ್ಕೆ ಬಂದಾಗ ಎಲ್ಲಿ ಬಿಟ್ಟಿದ್ದೆವೆಂಬುದು ಕಾಲಿಗೇ ತಿಳಿದಿರುತ್ತದೆ.

ಹಾಗಾದರೆ ಹೊಸ ಕಿಟಕಿಗೆ ಎಲ್ಲಿಯೂ ಎಡೆಯಿಲ್ಲವೆ? ಇದೆ. ನನ್ನ ಪಾಠ ಕಳೆದುಹೋದ ಸಂದರ್ಭವೇ ಅದಕ್ಕೆ ನಿದರ್ಶನ. ಅರ್ಧ ತುಂಬಿದ ಅರ್ಜಿಯ ನಡುವೆ ನಿಯಮಗಳನ್ನು ನೋಡಬೇಕಾದಾಗ ಅವು ಬೇರೆ ಕಿಟಕಿಯಲ್ಲಿ ತೆರೆಯುವುದೇ ಸರಿ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ಡಬ್ಲ್ಯು3ಸಿ ರೂಪಿಸಿದ ಮಾರ್ಗದರ್ಶಿಯ ಸಲಹೆಗಳೂ ಇದನ್ನು ಒಪ್ಪುತ್ತವೆ. ಆದರೆ ಹೊಸ ಕಿಟಕಿ ತೆರೆಯುವುದಾದರೆ ಮೊದಲೇ ತಿಳಿಸಿರಬೇಕು ಎನ್ನುತ್ತವೆ. ನಮ್ಮ ಜಿಲ್ಲಾಡಳಿತಗಳ ಜಾಲತಾಣಗಳಲ್ಲಿ ಹೊರಗಿನ ಕೊಂಡಿಗಳಿಗೆ 'ಇದು ಹೊರಜಾಲತಾಣ, ಹೊಸ ಕಿಟಕಿಯಲ್ಲಿ ತೆರೆಯುತ್ತದೆ' ಎಂಬರ್ಥದ ಸೂಚನೆಯನ್ನು ಇಂಗ್ಲಿಷಿನಲ್ಲಿ ಜೋಡಿಸಿರುವುದನ್ನು ಓದುಗರು ಕಂಡಿರಬಹುದು. ವಿಕಿಪೀಡಿಯ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಹೊರಗಿನ ಕೊಂಡಿಯೂ ಅದೇ ಕಿಟಕಿಯಲ್ಲಿಯೇ ತೆರೆಯುತ್ತದೆ. ಅದು ಹೊರಗಿನದೆಂದು ತಿಳಿಯಲು ಪಕ್ಕದಲ್ಲೊಂದು ಸಣ್ಣ ಬಾಣದ ಗುರುತು, ಅಡಿಟಿಪ್ಪಣಿಗೆ ಇಳಿದವನು ಮತ್ತೆ ಮೇಲಕ್ಕೆ ಏರಲು ಇನ್ನೊಂದು ಗುರುತು. ಸರಕಾರಿ ತಾಣದ ವಿಧಾನದಲ್ಲಿ ಕಿಟಕಿಯ ಆಯ್ಕೆ ಓದುಗನದಲ್ಲ, ಎಚ್ಚರಿಕೆಯಾದರೂ ಇದೆ. ವಿಕಿಪೀಡಿಯದ ವಿಧಾನದಲ್ಲಿ ಆಯ್ಕೆಯೂ ಓದುಗನದೇ. ನನ್ನ ಲೇಖನದಲ್ಲಿ ಎರಡೂ ಇರಲಿಲ್ಲ.

ಸುರಕ್ಷತೆಯ ಮಾತೂ ಒಂದಿದೆ. ಹೊಸ ಕಿಟಕಿಯಲ್ಲಿ ತೆರೆದ ಪುಟಕ್ಕೆ ತನ್ನನ್ನು ತೆರೆದ ಹಳೆಯ ಪುಟದ ಮೇಲೆ ಒಂದು ಹಿಡಿತ ಸಿಗುತ್ತಿತ್ತು. ದುರುದ್ದೇಶದ ತಾಣವಾದರೆ ಓದುಗನ ಬೆನ್ನ ಹಿಂದೆ ಆ ಹಳೆಯ ಪುಟವನ್ನು ಬದಲಿಸಿ ಗುಪ್ತಪದ ಕೇಳುವ ಕಪಟ ಪುಟವನ್ನು ಇರಿಸಬಹುದಾಗಿತ್ತು. 2021ರ ಹೊತ್ತಿಗೆ ಪ್ರಮುಖ ಬ್ರೌಸರುಗಳು ತಾವಾಗಿಯೇ ಈ ಹಿಡಿತವನ್ನು ಕಡಿದುಹಾಕಿದವು. ಕಾದು ನಿಂತಿರುತ್ತದೆಂದು ನಾನು ನಂಬಿದ್ದ ಹಳೆಯ ಪುಟ ಅಷ್ಟು ವರ್ಷ ನಂಬಿಕೆಗೆ ಅರ್ಹವಾಗಿರಲಿಲ್ಲ.

ಕೋಗಳಿಯ ಲೇಖನವನ್ನು ತಿದ್ದಲು ಕುಳಿತಾಗ ಮೊದಲು 'ಟಾರ್ಗೆಟ್' ಗುಣವನ್ನು ಕಿತ್ತುಹಾಕಿದೆ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಆ ಸೀಮೆಯಲ್ಲಿ ಒಂದು ಮಾತಿದೆ: ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಹೊರಗೆ ನಿಂತು ಕಣ್ತುಂಬಿಕೊಳ್ಳುವುದು ಒಂದು, ಒಳಗೆ ಹೊಕ್ಕು ಕಂಬಕಂಬವನ್ನೂ ನೋಡುವುದು ಇನ್ನೊಂದು. ಕೊಂಡಿಗಳಲ್ಲಿಯೂ ಈ ಎರಡು ಬಗೆಗಳಿವೆ ಎಂಬುದು ತಿದ್ದುವಾಗ ಹೊಳೆಯಿತು. 'ಕೋಗಳಿ ಐನೂರು' ಒಂದು ಆಡಳಿತ ವಿಭಾಗವೆಂದೂ ಕೋಗಳಿ ಈಗ ಯಾವ ತಾಲ್ಲೂಕಿನಲ್ಲಿದೆಯೆಂದೂ ಅಪರೂಪದ ಒಂದು ಪದದ ಅರ್ಥವೇನೆಂದೂ ತಿಳಿಯಲು ಓದುಗನನ್ನು ಹೊರಗೆ ಕಳುಹಿಸಬೇಕಾದ ಅಗತ್ಯವೇ ಇರಲಿಲ್ಲ. ಅವನ್ನು ನಾನೇ ಅರ್ಧ ವಾಕ್ಯದಲ್ಲಿ ಹೇಳಿಬಿಡಬಹುದಾಗಿತ್ತು. ಹೇಳದೆ ಕೊಂಡಿ ಕೊಟ್ಟದ್ದು ನನ್ನ ಸೋಮಾರಿತನ, ಅದಕ್ಕೆ ಆಧಾರನಿಷ್ಠೆಯ ವೇಷ ತೊಡಿಸಿದ್ದೆ. ಅಂಥವನ್ನು ತೆಗೆದು ಅವುಗಳ ತಿರುಳನ್ನು ವಾಕ್ಯದೊಳಕ್ಕೆ ತಂದೆ. ಇಪ್ಪತ್ತೇಳರಲ್ಲಿ ಒಂಬತ್ತು ಉಳಿದವು. ಅವು ಓದುಗ ನಿಜವಾಗಿಯೂ ಒಳಹೊಕ್ಕು ನೋಡಬೇಕಾದವು: ಶಾಸನಪಾಠಗಳು ಮತ್ತು ವಿದ್ವಾಂಸರ ಮೂಲ ವಾದಗಳು. ಛಾಯಾಪ್ರತಿಯ ಕೊಂಡಿಯ ಜೊತೆಗೆ ನಾನು ಆಧಾರವಾಗಿಟ್ಟುಕೊಂಡ ಶಾಸನದ ಸಾಲುಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ ಒಂದು ಪುಟ ಮಾಡಿದೆ. ಮೌನವಾಗಿದ್ದ ಪುಟ ಈಗ ಆಕೆಯ ಗಣಕದಲ್ಲಿ ಮಾತಾಡಬಲ್ಲದು. ಪ್ರತಿ ಕೊಂಡಿಯ ಮಾತಿನಲ್ಲಿಯೂ 'ಇಲ್ಲಿ ನೋಡಿ' ಎಂಬುದನ್ನು ಬಿಟ್ಟು ಅದು ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ಬರೆದೆ.

ಹದಿನೈದು ದಿನಗಳ ಬಳಿಕ ಆ ವಿದ್ಯಾರ್ಥಿನಿ ಮತ್ತೆ ಕರೆ ಮಾಡಿದಳು. ಲೇಖನವನ್ನು ಪೂರ್ತಿ ಓದಿದ್ದಳು. ಅಭಿನಂದನೆಯನ್ನು ನಿರೀಕ್ಷಿಸಿದ್ದ ನನಗೆ ಸಿಕ್ಕಿದ್ದು ಒಂದು ಪ್ರಶ್ನೆ.

"ಸರ್, ಎರಡನೇ ಪ್ಯಾರಾದಾಗ ಇದು ದುರ್ವಿನೀತನ ಕಾಲದ ಶಾಸನ ಅಂದೀರಿ. ಶಾಸನದಾಗ ಹಂಗಿಲ್ಲಲ್ರೀ?"

ನಾನು ಲೇಖನವನ್ನು ತೆರೆದು ನೋಡಿದೆ. ಆಕೆ ಹೇಳಿದ್ದು ನಿಜ. ಕೋಗಳಿಯ ಬಸದಿಯನ್ನು ಗಂಗರ ದುರ್ವಿನೀತ ಮಾಡಿಸಿದನೆಂದು ಹೇಳುವ ಶಾಸನ 1055ರದು, ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ್ದು. ಅದು ದುರ್ವಿನೀತನನ್ನು ನೆನೆಯುತ್ತದೆಯೇ ಹೊರತು ಅವನ ಕಾಲದ್ದಲ್ಲ. ನಡುವೆ ನಾಲ್ಕೈದು ಶತಮಾನಗಳ ಅಂತರವಿದೆ. ಸಮಕಾಲೀನ ದಾಖಲೆಗೂ ಶತಮಾನಗಳ ಅನಂತರದ ಸ್ಮೃತಿಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಎಷ್ಟೋ ಸಲ ಒತ್ತಿ ಹೇಳಿದವನು ನಾನೇ. ಅವಸರದಲ್ಲಿ 'ದುರ್ವಿನೀತನನ್ನು ಉಲ್ಲೇಖಿಸುವ' ಎಂದು ಬರೆಯಬೇಕಾದಲ್ಲಿ 'ದುರ್ವಿನೀತನ ಕಾಲದ' ಎಂದು ಬರೆದುಬಿಟ್ಟಿದ್ದೆ. ಲೇಖನ ಪ್ರಕಟವಾಗಿ ತಿಂಗಳುಗಳಾಗಿದ್ದವು. ಕಣ್ಣಿದ್ದವರು ಹಲವರು ಅದನ್ನು ಓದಿ ಮೆಚ್ಚುಗೆ ತಿಳಿಸಿದ್ದರು. ಯಾರೂ ಈ ತಪ್ಪನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಹೇಗೆ ಗಮನಿಸಿದೆಯಮ್ಮಾ ಎಂದು ಕೇಳಿದೆ. ಆಕೆಯ ಉತ್ತರ ಸರಳವಾಗಿತ್ತು. ನನ್ನ ವಾಕ್ಯವನ್ನು ಕೇಳಿ, ಕೊಂಡಿಯಿಂದ ಶಾಸನಕ್ಕೆ ಹೋಗಿ, ಅದರ ಸಾಲುಗಳನ್ನು ಕೇಳಿ, ಆಲ್ಟ್ ಮತ್ತು ಎಡಬಾಣ ಒತ್ತಿ ಹಿಂದಿರುಗಿ, ನನ್ನ ವಾಕ್ಯವನ್ನು ಇನ್ನೊಮ್ಮೆ ಕೇಳಿದ್ದಳು. ಎರಡೂ ಹೊಂದಲಿಲ್ಲ. ಮತ್ತೊಮ್ಮೆ ಹೋಗಿ ಬಂದಳು. ಆಗಲೂ ಹೊಂದಲಿಲ್ಲ. ಆಮೇಲೆ ಫೋನು ಮಾಡಿದಳು.

ಅಂದೇ ಆ ವಾಕ್ಯವನ್ನು ತಿದ್ದಿದೆ. ತಿದ್ದಿದ್ದೇನೆಂಬುದನ್ನೂ ಕೆಳಗೆ ಬರೆದೆ. ನಾವು ಆಧಾರಗಳನ್ನು ಕೊಡುವುದು ಪಾಂಡಿತ್ಯದ ಅಲಂಕಾರಕ್ಕೆಂದಲ್ಲ, ನಮ್ಮ ಮಾತನ್ನು ಓದುಗ ಮೂಲದೊಡನೆ ತಾಳೆ ನೋಡಲಿ ಎಂದು. ತಾಳೆ ನೋಡುವವನು ಒಮ್ಮೆ ಹೋದರೆ ಸಾಲದು. ಹೋಗಬೇಕು, ಬರಬೇಕು, ಅನುಮಾನ ಬಂದರೆ ಮತ್ತೆ ಹೋಗಬೇಕು. ಹೋಗುವ ದಾರಿಯನ್ನು ಇಪ್ಪತ್ತೇಳು ಕಡೆ ತೋರಿಸಿ ಬರುವ ದಾರಿಯನ್ನು ಮುಚ್ಚಿದ್ದಾಗ ನನ್ನ ತಪ್ಪು ಸುರಕ್ಷಿತವಾಗಿತ್ತು. ಬರುವ ದಾರಿ ತೆರೆದ ಹದಿನೈದು ದಿನಗಳಲ್ಲಿ ಅದು ಸಿಕ್ಕಿಬಿದ್ದಿತು.

ಈಗ ಬಾಗಳಿಯ ಶಾಸನಗಳನ್ನು ಕುರಿತ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಕೊಂಡಿಗಳು ಕಡಮೆ ಇರುತ್ತವೆ, ಅವೆಲ್ಲವೂ ಅದೇ ಕಿಟಕಿಯಲ್ಲಿ ತೆರೆಯುತ್ತವೆ. ಹೊಸ ಕಿಟಕಿ ಬೇಕೆನ್ನುವವರು ಕಂಟ್ರೋಲ್ ಕೀಲಿಯನ್ನು ಹಿಡಿದು ಒತ್ತಬಹುದು. ಕರಡನ್ನು ಮೊದಲು ಓದಲು ಆ ವಿದ್ಯಾರ್ಥಿನಿಗೇ ಕಳುಹಿಸಿದ್ದೇನೆ.